ಕಾಳಗದ ಆಟದ ಹಿಡಿಕೆ: ಕಿರಿದಾದಷ್ಟೂ ಒಳ್ಳೆಯದೆ?

ಮೈಸೂರಿನ ಅರಮನೆಯ ಸುತ್ತಿನ ಬೀದಿಗಳಲ್ಲಿ ಇಂದಿಗೂ ಟಾಂಗಾಗಳು ಓಡಾಡುತ್ತವೆ. ನುರಿತ ಟಾಂಗಾ ಹೊಡೆಯುವವನ ಕೈಯನ್ನು ಒಮ್ಮೆ ಗಮನಿಸಿ ನೋಡಿ. ಲಗಾಮನ್ನು ಅವನು ಜೋಲಾಗಿ ಬಿಟ್ಟಿರುವುದಿಲ್ಲ. ಬಿಗಿಯಾಗಿ ಜಗ್ಗಿಯೂ ಇರುವುದಿಲ್ಲ. ಲಗಾಮು ಜೋಲಾಗಿದ್ದರೆ ಕೈ ಒಂದು ಗೇಣು ಸರಿದರೂ ಕುದುರೆಗೆ ಸುದ್ದಿ ಮುಟ್ಟುವುದಿಲ್ಲ. ಅತಿಯಾಗಿ ಬಿಗಿದಿದ್ದರೆ, ಗಾಡಿ ಕುಲುಕಿ ಕೈ ಅಲುಗಿದ್ದನ್ನೂ ಕುದುರೆ ಅಪ್ಪಣೆಯೆಂದೇ ಭಾವಿಸಿ ಪಕ್ಕಕ್ಕೆ ತಿರುಗಿಬಿಡುತ್ತದೆ. ಕೈಗೂ ಕುದುರೆಗೂ ನಡುವೆ ಎಷ್ಟು ಸಡಿಲವಿರಬೇಕು ಎಂಬುದೇ ಅವನ ವಿದ್ಯೆಯ ಗುಟ್ಟು.

ಇದೇ ಪ್ರಶ್ನೆ ಇಂದು ಅನೇಕ ವಿದ್ಯಾರ್ಥಿಗಳನ್ನು ಬೇರೊಂದು ರೂಪದಲ್ಲಿ ಕಾಡುತ್ತಿದೆ. ಇಬ್ಬರು ಜಟ್ಟಿಗಳು ಪರದೆಯ ಮೇಲೆ ಎದುರುಬದುರಾಗಿ ನಿಂತು ಹೋರಾಡುವ ವೀಡಿಯೊ ಆಟಗಳು 1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯ ‘ಸ್ಟ್ರೀಟ್ ಫೈಟರ್ 2’ ಬಂದಂದಿನಿಂದ ಲೋಕಪ್ರಸಿದ್ಧವಾದವು. ಇವನ್ನು ಆಡಲು ಬಳಸುವ ಸಾಧನಗಳಲ್ಲಿ ಜಾಯ್‌ಸ್ಟಿಕ್ ಎಂಬ ಹಿಡಿಕೆಯೂ ಒಂದು. ತುದಿಯಲ್ಲಿ ಗುಂಡನ್ನು ಹೊತ್ತ ಒಂದು ಕಂಬಿ. ಅದನ್ನು ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ ವಾಲಿಸಿದರೆ ಪರದೆಯ ಜಟ್ಟಿಯೂ ಅಂತೆಯೇ ಚಲಿಸುತ್ತಾನೆ. ಈಚೆಗೆ ‘ಕಿರುಚಲನೆಯ ಹಿಡಿಕೆ’ಗಳಿಗೆ ಬೇಡಿಕೆ ಹೆಚ್ಚು. ಕೈ ಕಡಿಮೆ ದೂರ ಚಲಿಸಿದರೆ ಆಟ ಬೇಗನೆ ಸಾಗುವುದೆಂಬುದು ಇದರ ಹಿಂದಿರುವ ನಂಬಿಕೆ.

ಮೈಸೂರಿನ ಒಬ್ಬ ಕಾಲೇಜು ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿ. ಹಲವು ತಿಂಗಳ ಕೈಖರ್ಚನ್ನು ಉಳಿಸಿ ಅವನು ಅಂತಹ ಹಿಡಿಕೆಯೊಂದನ್ನು ತರಿಸುತ್ತಾನೆ. ಮೊದಲ ಸಂಜೆಯೇ ನಿರಾಶೆ. ಜಟ್ಟಿ ಚುರುಕಾಗಿ ಓಡಾಡುತ್ತಾನೆ, ನಿಜ. ಆದರೆ ಹಿಂದೆ ಸರಾಗವಾಗಿ ಬರುತ್ತಿದ್ದ ಪಟ್ಟುಗಳು ಈಗ ಕೈಕೊಡುತ್ತವೆ. ಕೈಯ ದೋಷವೋ, ಹಿಡಿಕೆಯ ದೋಷವೋ? ಹಣ ತೆರುವ ಮುನ್ನವೇ ಇದನ್ನು ತಿಳಿಯಬಹುದಾಗಿತ್ತೆ? ತಿಳಿಯಬಹುದು. ಅದಕ್ಕೆ ಬೇಕಾದುದು ಪ್ರೌಢಶಾಲೆಯ ಸನ್ನೆಯ ಪಾಠ, ಸ್ವಲ್ಪ ತ್ರಿಕೋಣಮಿತಿ, ಮತ್ತು ಒಂದು ಅಳತೆಪಟ್ಟಿ.

ಹಿಡಿಕೆಯ ಒಳಗೆ

ಹಿಡಿಕೆಯ ಕಂಬಿ ಒಂದು ಸರಳವಾದ ಸನ್ನೆ. ನಡುವೆ ಎಲ್ಲ ಕಡೆಗೂ ವಾಲಬಲ್ಲ ಒಂದು ಕೀಲು, ಅದೇ ಆಧಾರಬಿಂದು. ಮೇಲಿನ ತುದಿಯಲ್ಲಿ ನಮ್ಮ ಕೈ. ಕೆಳಗಿನ ತುದಿಯಲ್ಲಿ ದುಂಡಾದ ಒಂದು ಒತ್ತುಬಿಲ್ಲೆ. ಬಿಲ್ಲೆಯ ನಾಲ್ಕು ಪಕ್ಕಗಳಲ್ಲಿ ನಾಲ್ಕು ಪುಟ್ಟ ಮೈಕ್ರೋಸ್ವಿಚ್ಚುಗಳು ಕಾದು ಕುಳಿತಿರುತ್ತವೆ. ಗುಂಡನ್ನು ಬಲಕ್ಕೆ ತಳ್ಳಿದರೆ ಬಿಲ್ಲೆ ಎಡಕ್ಕೆ ಸರಿದು ಅಲ್ಲಿನ ಸ್ವಿಚ್ಚನ್ನು ಒತ್ತುತ್ತದೆ. ವಿದ್ಯುನ್ಮಂಡಲ ಪೂರ್ಣವಾಗಿ ‘ಬಲಕ್ಕೆ’ ಎಂಬ ಸಂಜ್ಞೆ ಹೊರಡುತ್ತದೆ. ಮೂಲೆಯತ್ತ ತಳ್ಳಿದರೆ ಅಕ್ಕಪಕ್ಕದ ಎರಡು ಸ್ವಿಚ್ಚುಗಳು ಒಟ್ಟಿಗೆ ಅದುಮಲ್ಪಡುತ್ತವೆ. ಹೀಗೆ ನಾಲ್ಕು ಸ್ವಿಚ್ಚುಗಳಿಂದ ಎಂಟು ದಿಕ್ಕುಗಳು ದೊರೆಯುತ್ತವೆ.

ಇನ್ನೆರಡು ಭಾಗಗಳುಂಟು. ಕೈ ಬಿಟ್ಟೊಡನೆ ಕಂಬಿಯನ್ನು ನಡುವಿನ ತಟಸ್ಥ ಸ್ಥಾನಕ್ಕೆ ತರುವ ಸುರುಳಿ ಸ್ಪ್ರಿಂಗು ಒಂದು. ಕಂಬಿ ಇಷ್ಟಕ್ಕಿಂತ ಹೆಚ್ಚು ವಾಲದಂತೆ ತಡೆಯುವ ತೂತಿನ ಫಲಕ ಇನ್ನೊಂದು. ಈ ತಡೆಫಲಕದ ತೂತು ಚೌಕವಾಗಿರಬಹುದು, ಎಂಟು ಮೂಲೆಯದಾಗಿರಬಹುದು, ಅಥವಾ ದುಂಡಾಗಿರಬಹುದು. ಜಪಾನಿನ ಸಾನ್ವಾ ಸಂಸ್ಥೆಯ ಪ್ರಸಿದ್ಧವಾದ ಜೆ.ಎಲ್.ಎಫ್. ಹಿಡಿಕೆಯಲ್ಲಿ ಚೌಕ ತೂತೂ ಸುರುಳಿ ಸ್ಪ್ರಿಂಗೂ ಇರುತ್ತವೆ. ಕೊರಿಯದ ಹಿಡಿಕೆಗಳಲ್ಲಿ ಸಾಮಾನ್ಯವಾಗಿ ದುಂಡು ತೂತು. ಸ್ಪ್ರಿಂಗಿಗೆ ಬದಲು ಕಂಬಿಯನ್ನು ತಬ್ಬಿ ಹಿಡಿದ ರಬ್ಬರು ಬಳೆ.

ಮೂರು ದೂರಗಳು

‘ಕಿರುಚಲನೆ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ದೂರಗಳು ಕಲಸಿಹೋಗಿವೆ. ಮೊದಲು ಅವನ್ನು ಬಿಡಿಸಿಕೊಳ್ಳೋಣ. ಮೂರನ್ನೂ ಹಿಡಿಕೆಯ ಗುಂಡು ನಡುವಿನಿಂದ ಸರಿದ ದೂರವಾಗಿ ಅಳೆಯಬೇಕು.

ಮೊದಲನೆಯದು, ಸ್ವಿಚ್ಚು ‘ಟಿಕ್’ ಎಂದು ಒತ್ತಲ್ಪಡುವ ತನಕದ ದೂರ. ಇದನ್ನು ತಾಗುದೂರ ಎನ್ನೋಣ. ಎರಡನೆಯದು, ಕಂಬಿ ತಡೆಫಲಕಕ್ಕೆ ಬಡಿದು ನಿಲ್ಲುವ ತನಕದ ದೂರ. ಇದು ಪೂರ್ಣದೂರ. ಮೂರನೆಯದನ್ನು ಬಹುಮಂದಿ ಮರೆಯುತ್ತಾರೆ: ಹಿಂತಿರುಗುವಾಗ ಸ್ವಿಚ್ಚು ಬಿಟ್ಟುಕೊಳ್ಳುವ ಸ್ಥಾನ. ಮೈಕ್ರೋಸ್ವಿಚ್ಚಿನ ಒಳಗೆ ಒಂದು ತೆಳು ಲೋಹದ ಪಟ್ಟಿ ಬಾಗಿ, ಒಂದು ಹಂತದಲ್ಲಿ ಥಟ್ಟನೆ ಹಾರಿ ಇನ್ನೊಂದು ಬದಿಗೆ ಕೂಡುತ್ತದೆ. ಹಿಂದಕ್ಕೆ ಹಾರುವುದು ಅದೇ ಹಂತದಲ್ಲಲ್ಲ. ಇನ್ನೂ ಸ್ವಲ್ಪ ಹಿಂದೆ ಸರಿದ ಮೇಲೆ. ಆದ್ದರಿಂದ ಬಿಡುದೂರ ಯಾವಾಗಲೂ ತಾಗುದೂರಕ್ಕಿಂತ ಕಡಿಮೆ.

ಲೆಕ್ಕದ ಅನುಕೂಲಕ್ಕಾಗಿ ಒಂದು ಹಿಡಿಕೆಯನ್ನು ಕಲ್ಪಿಸಿಕೊಳ್ಳೋಣ. ಆಧಾರಬಿಂದುವಿನಿಂದ ಗುಂಡಿಗೆ 60 ಮಿ.ಮೀ., ಬಿಲ್ಲೆಗೆ 20 ಮಿ.ಮೀ. ಇರಲಿ. ಆಗ ಬಿಲ್ಲೆ 1 ಮಿ.ಮೀ. ಸರಿಯಲು ಗುಂಡು 3 ಮಿ.ಮೀ. ಸರಿಯಬೇಕು. ಬಿಲ್ಲೆ 2 ಮಿ.ಮೀ. ಸರಿದಾಗ ಸ್ವಿಚ್ಚು ತಾಗಿ, 3.5 ಮಿ.ಮೀ. ಸರಿದಾಗ ತಡೆ ಬಂದರೆ, ಗುಂಡಿನಲ್ಲಿ ತಾಗುದೂರ 6 ಮಿ.ಮೀ., ಪೂರ್ಣದೂರ 10.5 ಮಿ.ಮೀ. ಸ್ವಿಚ್ಚು ತಾಗಿದ ಸ್ಥಾನದಿಂದ ಗುಂಡು 1.2 ಮಿ.ಮೀ. ಹಿಂದೆ ಬಂದಾಗ ಬಿಡುವುದೆಂದು ಇಟ್ಟುಕೊಳ್ಳೋಣ, ಬಿಡುದೂರ 4.8 ಮಿ.ಮೀ. ಇದು ನಮ್ಮ ‘ಅ’ ಹಿಡಿಕೆ. ‘ಆ’ ಎಂಬುದು ಕಿರುಚಲನೆಯದು: ತಾಗುದೂರ 3, ಪೂರ್ಣದೂರ 6, ಬಿಡುದೂರ 1.8 ಮಿ.ಮೀ. ‘ಇ’ ಎಂಬುದು ಮತ್ತೊಂದು ಉಪಾಯದ ಫಲ. ‘ಅ’ ಹಿಡಿಕೆಯಲ್ಲೇ ಒತ್ತುಬಿಲ್ಲೆಯನ್ನು ತೆಗೆದು, ಅದಕ್ಕಿಂತ 1.2 ಮಿ.ಮೀ. ಹೆಚ್ಚು ವ್ಯಾಸದ ಬಿಲ್ಲೆ ಹಾಕಿದ್ದೇವೆ. ತ್ರಿಜ್ಯ 0.6 ಮಿ.ಮೀ. ಹೆಚ್ಚಿತು, ಗುಂಡಿನಲ್ಲಿ 1.8 ಮಿ.ಮೀ. ಉಳಿಯಿತು, ತಾಗುದೂರ 4.2 ಮಿ.ಮೀ.ಗೆ ಇಳಿಯಿತು. ತಡೆಗೆ ತಗಲುವುದು ಕಂಬಿಯ ಬೇರೆ ಭಾಗವಾಗಿದ್ದರೆ ಪೂರ್ಣದೂರ 10.5 ಮಿ.ಮೀ. ಆಗಿಯೇ ಉಳಿಯುತ್ತದೆ. ಬಿಲ್ಲೆಯೇ ತಡೆಗೆ ತಗಲುವ ರಚನೆಯಾದರೆ ಪೂರ್ಣದೂರವೂ ಅಷ್ಟೇ ಕುಗ್ಗುತ್ತದೆ ಎಂಬುದನ್ನು ನೆನಪಿಡಬೇಕು.

ಕಾಲದ ಲೆಕ್ಕ

ಇಂತಹ ಆಟಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಚಿತ್ರಗಳಂತೆ ಓಡುತ್ತವೆ. ಒಂದು ಚಿತ್ರಕ್ಕೆ, ಆಟಗಾರರ ಮಾತಿನಲ್ಲಿ ಒಂದು ಫ್ರೇಮಿಗೆ, ಸುಮಾರು 16.7 ಮಿಲಿಸೆಕೆಂಡು. ಪ್ರತಿ ಫ್ರೇಮಿಗೆ ಒಮ್ಮೆ ಯಂತ್ರ ಹಿಡಿಕೆಯ ಕಡೆ ‘ಕಣ್ಣು ಹಾಯಿಸಿ’ ಯಾವ ಸ್ವಿಚ್ಚು ಒತ್ತಿದೆಯೆಂದು ನೋಡಿಕೊಳ್ಳುತ್ತದೆ. ಎರಡು ನೋಟಗಳ ನಡುವೆ ನಡೆದುಹೋದದ್ದು ಅದರ ಪಾಲಿಗೆ ನಡೆಯಲೇ ಇಲ್ಲ.

ಕೈಯ ವೇಗ ಸೆಕೆಂಡಿಗೆ ಅರ್ಧ ಮೀಟರು ಎಂದುಕೊಳ್ಳೋಣ. ‘ಅ’ ಹಿಡಿಕೆಯನ್ನು ಎಡದ ಕೊನೆಯಿಂದ ಬಲದ ಸ್ವಿಚ್ಚು ತಾಗುವವರೆಗೆ ಒಯ್ಯಲು ಗುಂಡು 10.5 ಮತ್ತು 6, ಒಟ್ಟು 16.5 ಮಿ.ಮೀ. ಸಾಗಬೇಕು. ಹಿಡಿಯುವ ಕಾಲ 33 ಮಿಲಿಸೆಕೆಂಡು. ಎಂದರೆ ಎರಡು ಫ್ರೇಮು. ‘ಆ’ ಹಿಡಿಕೆಯಲ್ಲಿ 9 ಮಿ.ಮೀ. ಸಾಕು, 18 ಮಿಲಿಸೆಕೆಂಡು. ಉಳಿತಾಯ 15 ಮಿಲಿಸೆಕೆಂಡು, ಒಂದು ಫ್ರೇಮಿಗೂ ಕೊಂಚ ಕಡಿಮೆ. ಕಣ್ಣಿಗೆ ಕಂಡದ್ದಕ್ಕೆ ಕೈ ಪ್ರತಿಕ್ರಿಯೆ ತೋರಲು ಮನುಷ್ಯನಿಗೆ 200ರಿಂದ 250 ಮಿಲಿಸೆಕೆಂಡು ಬೇಕು. ಅದರ ಮುಂದೆ ಈ ಉಳಿತಾಯ ಅಲ್ಪವೇ. ಆದರೂ ಸಮಬಲದ ಆಟಗಾರರ ನಡುವೆ ಒಂದು ಫ್ರೇಮೂ ಗಣ್ಯವೇ. ಇಷ್ಟರಮಟ್ಟಿಗೆ ಕಿರುಚಲನೆಯ ಹೊಗಳಿಕೆ ಸರಿ.

ಈಗ ಹಿಂತಿರುಗುವ ದಾರಿಯನ್ನು ನೋಡಿ. ಕೆಲವು ಪಟ್ಟುಗಳಿಗೆ ಹಿಡಿಕೆಯನ್ನು ಮುಂದೆ ತಟ್ಟಿ, ಬಿಟ್ಟು, ಮತ್ತೆ ತಟ್ಟಬೇಕು. ನಡುವೆ ಸ್ವಿಚ್ಚು ಬಿಟ್ಟುಕೊಳ್ಳದಿದ್ದರೆ ಎರಡನೆಯ ತಟ್ಟು ಲೆಕ್ಕಕ್ಕೇ ಬಾರದು. 2004ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನಡೆದ ‘ಇವೊ’ ಸ್ಪರ್ಧೆಯಲ್ಲಿ ಜಪಾನಿನ ಡೈಗೊ ಉಮೆಹರ, ಸೋಲಿನ ಅಂಚಿನಲ್ಲಿದ್ದಾಗ, ಜಸ್ಟಿನ್ ವಾಂಗನ ಸರಣಿ ಹೊಡೆತಗಳಲ್ಲಿ ಹದಿನೈದನ್ನೂ ಒಂದೊಂದಾಗಿ ತಟ್ಟಿ ತಡೆದು ಗೆದ್ದದ್ದು ಈ ಆಟದ ಇತಿಹಾಸದಲ್ಲಿ ಪ್ರಸಿದ್ಧ. ಅಂತಹ ತಡೆಗೆ ಹೊಡೆತ ತಗಲುವ ಕ್ಷಣದಲ್ಲೇ ಹಿಡಿಕೆಯನ್ನು ಹೊಸದಾಗಿ ಮುಂದೆ ತಟ್ಟಬೇಕು. ಪ್ರತಿ ತಟ್ಟಿನ ಮುಂಚೆ ಹಿಡಿಕೆ ತಟಸ್ಥಕ್ಕೆ ಬಂದಿರಲೇಬೇಕು.

ಕೊನೆಯವರೆಗೆ ತಳ್ಳಿದ ಗುಂಡು ಬಿಡುವ ಸ್ಥಾನಕ್ಕೆ ಬರಲು ‘ಅ’ದಲ್ಲಿ 5.7 ಮಿ.ಮೀ. ಸಾಗಬೇಕು, ‘ಆ’ದಲ್ಲಿ 4.2 ಮಿ.ಮೀ.; ದೊಡ್ಡ ಬಿಲ್ಲೆಯ ‘ಇ’ಯಲ್ಲಿ 7.5 ಮಿ.ಮೀ. ಬೇಗ ತಾಗುವಂತೆ ಮಾಡಿದ ಅದೇ ಬಿಲ್ಲೆ ತಡವಾಗಿ ಬಿಡುವಂತೆಯೂ ಮಾಡಿತು! ಹೊರಡುವಾಗ ಗಳಿಸಿದ್ದನ್ನು ಮರಳುವಾಗ ತೆತ್ತಂತಾಯಿತು.

ಕಳೆದುಹೋಗುವ ಮೂಲೆ

ನಮ್ಮ ವಿದ್ಯಾರ್ಥಿಯ ಪಟ್ಟುಗಳು ಏಕೆ ಕೈಕೊಟ್ಟವು? ಕಾಳಗದ ಆಟಗಳಲ್ಲಿ ಬಹು ಪರಿಚಿತವಾದ ಚಲನೆ ಕಾಲು ವೃತ್ತದ್ದು: ಕೆಳಗೆ, ಕೆಳಮೂಲೆ, ಮುಂದೆ, ಒಡನೆಯೇ ಗುದ್ದಿನ ಗುಂಡಿ. ‘ಸ್ಟ್ರೀಟ್ ಫೈಟರ್’ನ ‘ಹಡೋಕೆನ್’ ಎಂಬ ಶಕ್ತಿಗೋಲ ಹೊರಡುವುದು ಹೀಗೆ. ಇಲ್ಲಿ ನಡುವಣ ಮೂಲೆಯನ್ನು ಯಂತ್ರ ಕಾಣದಿದ್ದರೆ ಶಕ್ತಿಗೋಲ ಹೊರಡದೆ ಬರಿಯ ಗುದ್ದು ಬೀಳುವ ಸಂಭವವುಂಟು. ಕೆಲವು ಆಟಗಳು ಇಂತಹ ಲೋಪವನ್ನು ಕ್ಷಮಿಸುತ್ತವೆ, ಎಲ್ಲವೂ ಅಲ್ಲ.

ದುಂಡು ತಡೆಯ ಅಂಚಿನಲ್ಲೇ ಗುಂಡನ್ನು ಸುತ್ತಿಸುತ್ತೇವೆಂದು ಭಾವಿಸಿ. ಕೆಳಗಿನ ನೇರ ದಿಕ್ಕಿನಿಂದ ಒಂದು ಕೋನದಷ್ಟು ಸರಿದಾಗ, ಪಕ್ಕಕ್ಕೆ ಸರಿದ ದೂರವು ಪೂರ್ಣದೂರವನ್ನು ಆ ಕೋನದ ಸೈನಿನಿಂದ ಗುಣಿಸಿದಷ್ಟು. ಅದು ತಾಗುದೂರವನ್ನು ಮುಟ್ಟಿದಾಗ ಪಕ್ಕದ ಸ್ವಿಚ್ಚೂ ಒತ್ತಿ ಮೂಲೆ ಆರಂಭವಾಗುತ್ತದೆ. ಆದುದರಿಂದ ಎಲ್ಲವೂ ತಾಗುದೂರವನ್ನು ಪೂರ್ಣದೂರದಿಂದ ಭಾಗಿಸಿದ ಅನುಪಾತವನ್ನು ಅವಲಂಬಿಸಿದೆ.

‘ಅ’ದಲ್ಲಿ ಈ ಅನುಪಾತ 0.57, ಸೈನು ಅಷ್ಟಿರುವ ಕೋನ ಸುಮಾರು 35 ಡಿಗ್ರಿ. ಎಂದರೆ ಪ್ರತಿ ನೇರ ದಿಕ್ಕಿಗೆ 70 ಡಿಗ್ರಿಗಳ ವಿಶಾಲ ರಾಜ್ಯ. ಪ್ರತಿ ಮೂಲೆಗೆ ಉಳಿದದ್ದು 20 ಡಿಗ್ರಿ ಮಾತ್ರ. ‘ಆ’ದಲ್ಲಿ ಅನುಪಾತ 0.5, ನೇರ ದಿಕ್ಕಿಗೆ 60, ಮೂಲೆಗೆ 30 ಡಿಗ್ರಿ. ‘ಇ’ಯಲ್ಲಿ ಅನುಪಾತ 0.4, ನೇರ ದಿಕ್ಕಿಗೆ 47, ಮೂಲೆಗೆ 43 ಡಿಗ್ರಿ. ಎಂಟು ದಿಕ್ಕುಗಳಿಗೂ ತಲಾ 45 ಡಿಗ್ರಿ ಸಮಪಾಲು ಬರಬೇಕಾದರೆ ಅನುಪಾತವು 22.5 ಡಿಗ್ರಿಯ ಸೈನಾದ 0.383 ಆಗಿರಬೇಕು. ಇಷ್ಟು ಸರಳವಾದ ಸಂಖ್ಯೆಯೊಂದು ಒಂದು ಹಿಡಿಕೆಯ ಸ್ವಭಾವವನ್ನು ಹೇಳಿಬಿಡುತ್ತದೆ.

ಇನ್ನು ಕಾಲವನ್ನು ನೋಡೋಣ. ‘ಅ’ದ ಮೂಲೆಯ ಕಂಸದ ಉದ್ದ 3.7 ಮಿ.ಮೀ.; ನಮ್ಮ ವೇಗದಲ್ಲಿ ಗುಂಡು ಅದನ್ನು ದಾಟಲು 7 ಮಿಲಿಸೆಕೆಂಡು ಚಿಲ್ಲರೆ. ‘ಇ’ಯಲ್ಲಿ 7.9 ಮಿ.ಮೀ.; ಸುಮಾರು 16 ಮಿಲಿಸೆಕೆಂಡು. ‘ಆ’ದಲ್ಲಿ ಕೋನ ಹಿಗ್ಗಿದರೂ ವೃತ್ತ ಕುಗ್ಗಿದುದರಿಂದ ಕಂಸ 3.1 ಮಿ.ಮೀ. ಮಾತ್ರ, 6 ಮಿಲಿಸೆಕೆಂಡಿನಲ್ಲಿ ದಾಟಿಹೋಗುತ್ತದೆ. ಯಂತ್ರ ಕಣ್ಣು ಹಾಯಿಸುವುದು 16.7 ಮಿಲಿಸೆಕೆಂಡಿಗೊಮ್ಮೆ. ಎರಡು ನೋಟಗಳ ನಡುವೆಯೇ ಮೂಲೆ ಕಳೆದುಹೋಗುವ ಸಂಭವ ‘ಆ’ದಲ್ಲಿ ಎಲ್ಲಕ್ಕಿಂತ ಹೆಚ್ಚು!

ವಿದ್ಯಾರ್ಥಿಯ ಒಗಟು ಬಿಡಿಸಿತು. ಹಳೆಯ ಹಿಡಿಕೆಯ ವೇಗದಲ್ಲೇ ಅವನು ಹೊಸ ಹಿಡಿಕೆಯನ್ನು ಸುತ್ತಿಸುತ್ತಿದ್ದಾನೆ. ವೃತ್ತ ಕಿರಿದಾದಾಗ ಕೈಯೂ ನಿಧಾನವಾಗಬೇಕು. ಬೇಗನೆ ಆಡಲೆಂದು ಕೊಂಡ ಸಾಧನ ಮೊದಲು ಕಲಿಸುವ ಪಾಠ ತಾಳ್ಮೆಯದು.

ತಡೆಯ ಆಕಾರ

ಚೌಕ ತಡೆಯಲ್ಲಿ ಈ ಕಷ್ಟ ಕಡಿಮೆ. ಅಲ್ಲಿ ಗುಂಡು ಕೆಳ ಅಂಚಿನ ಉದ್ದಕ್ಕೂ ಸಾಗಿ, ಮೂಲೆಗೆ ಬಡಿದು, ಪಕ್ಕದ ಅಂಚಿನಲ್ಲಿ ಮೇಲೇರುತ್ತದೆ. ಎರಡೂ ಸ್ವಿಚ್ಚು ಒತ್ತಿರುವ ದಾರಿಯ ಉದ್ದ, ಪೂರ್ಣದೂರದಲ್ಲಿ ತಾಗುದೂರವನ್ನು ಕಳೆದು ಬಂದುದರ ಎರಡರಷ್ಟು. ‘ಅ’ದಲ್ಲಿ ಅದು 9 ಮಿ.ಮೀ., ‘ಆ’ದಲ್ಲಿ 6, ‘ಇ’ಯಲ್ಲಿ 12.6. ದುಂಡು ತಡೆಯ ಅಂಕಿಗಳೊಡನೆ ಹೋಲಿಸಿದರೆ ಎಷ್ಟು ಅಂತರ! ಚೌಕ ತಡೆಯ ಮೂಲೆಗಳು ನಾಲ್ಕು ಓರೆ ದಿಕ್ಕುಗಳಿಗೆ ನೆಲೆಗಳಾಗಿ ನಿಲ್ಲುತ್ತವೆ. ಆದರೆ ಇದಕ್ಕೂ ಬೆಲೆಯುಂಟು. ನಡುವಿನಿಂದ ಮೂಲೆಗಿರುವ ದೂರ ನೇರ ದಿಕ್ಕಿನ ದೂರದ 1.414ರಷ್ಟು, ಕೈ ಅಷ್ಟು ಹೆಚ್ಚು ತಿರುಗಬೇಕು. ಅಲ್ಲದೆ ನೇರ ದಿಕ್ಕಿಗೆ ತಳ್ಳಿದ ಗುಂಡು ಚಪ್ಪಟೆಯಾದ ಅಂಚಿನಲ್ಲಿ ಜಾರಿ ಅರಿವಿಲ್ಲದೆ ಮೂಲೆ ಸೇರಬಹುದು. ಮುಂದೆ ನಡೆಯಬೇಕಾದ ಜಟ್ಟಿ ಮೇಲಕ್ಕೆ ಜಿಗಿಯುವುದು ಹೀಗೆಯೇ. ತಾಗುದೂರ ಕಡಿಮೆಯಾದಷ್ಟೂ ಈ ಅಪಾಯ ಹೆಚ್ಚು.

ಸ್ಪ್ರಿಂಗು, ಕಂಬಿ, ಗುಂಡು

ಕಂಬಿಯನ್ನು ಗಿಡ್ಡ ಮಾಡಿದರೂ ಚಲನೆ ಕಿರಿದಾಗುತ್ತದೆ. 60 ಮಿ.ಮೀ. ಇದ್ದ ತೋಳನ್ನು 45ಕ್ಕೆ ಇಳಿಸಿದರೆ ‘ಅ’ದ ಪೂರ್ಣದೂರ 10.5ರಿಂದ 7.9 ಮಿ.ಮೀ.ಗೆ ಇಳಿಯುತ್ತದೆ. ಆದರೆ ಸನ್ನೆ ಯಾರಿಗೂ ಪುಕ್ಕಟೆಯಾಗಿ ಏನನ್ನೂ ಕೊಡುವುದಿಲ್ಲ. ಮೊದಲು 3 ನ್ಯೂಟನ್ ಬಲದಿಂದ ವಾಲುತ್ತಿದ್ದ ಹಿಡಿಕೆಗೆ ಈಗ 4 ನ್ಯೂಟನ್ ಬೇಕು. ಏಕೆಂದರೆ ಬಲವನ್ನು ತೋಳಿನಿಂದ ಗುಣಿಸಿದ 180 ಎಂಬ ಗುಣಲಬ್ಧ ಬದಲಾಗದು. ಗಂಟೆಗಟ್ಟಲೆ ಆಡುವವರ ಮಣಿಕಟ್ಟು ಈ ಲೆಕ್ಕವನ್ನು ಬೇಗನೆ ಒಪ್ಪಿಸುತ್ತದೆ. ಇದನ್ನು ತೀರ ಸುಲಭವಾಗಿ ಪರೀಕ್ಷಿಸಬೇಕಾದರೆ ಗುಂಡಿನ ಮೇಲ್ಭಾಗವನ್ನು ಬಿಟ್ಟು ಕೆಳಭಾಗದ ಕಂಬಿಯನ್ನು ಬೆರಳುಗಳಿಂದ ಹಿಡಿದು ವಾಲಿಸಿ ನೋಡಿ.

ಜಪಾನಿನ ಹಿಡಿಕೆಗಳ ಗುಂಡಿನ ವ್ಯಾಸ ಸಾಮಾನ್ಯವಾಗಿ 35 ಮಿ.ಮೀ. ಮೈಸೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಸಿಕ್ಕುವ ಚನ್ನಪಟ್ಟಣದಲ್ಲಿ ಹಾಲೆಮರವನ್ನು ಚರಕಿಗೆ ಕೊಟ್ಟು, ಅರಗಿನ ಬಣ್ಣ ಹಾಕಿ ನುಣುಪಾದ ಬೊಂಬೆಗಳನ್ನು ಮಾಡುವುದನ್ನು ಎಲ್ಲರೂ ಬಲ್ಲರು. ಅಂತಹ ಮರದ ಗುಂಡೊಂದು ಪ್ಲಾಸ್ಟಿಕ್ಕಿನ ಗುಂಡಿನ ಕೆಲಸವನ್ನು ಮಾಡಬಲ್ಲದು. ಆದರೆ ಗುಂಡಿನ ಗಾತ್ರ, ಎತ್ತರ ಬದಲಾದರೆ ತೋಳಿನ ಉದ್ದವೂ ಬದಲಾಗುವುದೆಂಬುದನ್ನು ಮರೆಯಬಾರದು.

ಸ್ಪ್ರಿಂಗಿನ ಇನ್ನೊಂದು ಗುಣವನ್ನು ಹೇಳಬೇಕು. ವಾಲಿಸಿದ ಹಿಡಿಕೆಯನ್ನು ಫಕ್ಕನೆ ಬಿಟ್ಟರೆ ಅದು ನಡುವೆ ನಿಲ್ಲದೆ, ಲೋಲಕದಂತೆ, ಇನ್ನೊಂದು ಬದಿಗೂ ಸ್ವಲ್ಪ ಹೋಗಿಬರುತ್ತದೆ. ಹಾಗೆ ಹೋಗುವ ದೂರ ತಾಗುದೂರವನ್ನು ಮೀರಿದರೆ ಎದುರು ದಿಕ್ಕಿನ ಸ್ವಿಚ್ಚು ಒತ್ತಿಬಿಡುತ್ತದೆ. ತಾಗುದೂರ 6 ಮಿ.ಮೀ. ಇದ್ದಲ್ಲಿ ಇದು ಅಪರೂಪ, 3 ಮಿ.ಮೀ. ಇದ್ದಲ್ಲಿ ಎಚ್ಚರಿಕೆ ಬೇಕು. ಆದ್ದರಿಂದ ಕಿರುಚಲನೆಯ ಹಿಡಿಕೆಗೆ ಕೊಂಚ ಬಿಗಿಯಾದ ಸ್ಪ್ರಿಂಗೂ, ಹಿಡಿಕೆಯನ್ನು ಬಿಟ್ಟೊಗೆಯದೆ ನಡುವಿಗೆ ತಂದು ಬಿಡುವ ಅಭ್ಯಾಸವೂ ಜೊತೆಯಾಗಿರಬೇಕು.

ಅಳೆಯುವ ಬಗೆ

ಸ್ನೇಹಿತನ ಹಿಡಿಕೆ ದೊರೆತರೆ ಕೊಳ್ಳುವ ಮುನ್ನ ಅಳೆದು ನೋಡಬಹುದು. ಮೊದಲು ಅದನ್ನು ಆಟದ ಯಂತ್ರದಿಂದ ಬಿಡಿಸಿರಿ. ಅನೇಕ ಹಿಡಿಕೆಗಳಿಂದ ಐದು ತಂತಿಗಳು ಹೊರಡುತ್ತವೆ: ಒಂದು ಎಲ್ಲಕ್ಕೂ ಸಾಮಾನ್ಯ, ಉಳಿದ ನಾಲ್ಕು ನಾಲ್ಕು ದಿಕ್ಕಿಗೆ. ಸಾಮಾನ್ಯ ತಂತಿಗೂ ಒಂದು ದಿಕ್ಕಿನ ತಂತಿಗೂ ನಡುವೆ ಮಲ್ಟಿಮೀಟರನ್ನು ಜೋಡಿಸಿ, ಸಂಪರ್ಕವಾದಾಗ ಸದ್ದು ಮಾಡುವ ಸ್ಥಾನದಲ್ಲಿಡಿ. ಗುಂಡಿನ ಹಿಂದೆ ನಕ್ಷೆ ಕಾಗದ ಅಂಟಿಸಿದ ರಟ್ಟನ್ನು ನಿಲ್ಲಿಸಿ. ಗುಂಡನ್ನು ಮೆಲ್ಲನೆ ತಳ್ಳುತ್ತ ಹೋಗಿ ಸದ್ದು ಕೇಳಿದ ಸ್ಥಾನ, ತಡೆ ಬಂದ ಸ್ಥಾನ, ಹಿಂತಿರುಗುವಾಗ ಸದ್ದು ನಿಂತ ಸ್ಥಾನ, ಈ ಮೂರನ್ನು ಗುರುತಿಸಿಕೊಳ್ಳಿ. ಕಣ್ಣನ್ನು ಯಾವಾಗಲೂ ಒಂದೇ ನೇರದಲ್ಲಿಡಬೇಕು. ಇಲ್ಲದಿದ್ದರೆ ಗುಂಡಿನ ಸ್ಥಾನ ಸರಿದಂತೆ ತೋರಿ ಅಳತೆ ತಪ್ಪುತ್ತದೆ. ಪ್ರತಿ ದಿಕ್ಕಿನಲ್ಲೂ ಐದು ಸಲ ಅಳೆದು ಸರಾಸರಿ ತೆಗೆಯಿರಿ. ನಾಲ್ಕು ದಿಕ್ಕುಗಳ ಸರಾಸರಿಗಳೂ ಪರಸ್ಪರ ಸಮೀಪವಾಗಿದ್ದರೆ ಹಿಡಿಕೆಯ ಜೋಡಣೆ ಸರಿಯಾಗಿದೆಯೆಂದು ತಿಳಿಯಬಹುದು.

ಆಮೇಲೆ ತೀರ್ಮಾನ ಕಷ್ಟವಲ್ಲ. ಮುಂದೆ ಹಿಂದೆ ಸರಿದಾಡುವ, ತಟ್ಟಿ ಬಿಡುವ ಆಟ ನಿಮ್ಮದಾದರೆ ಪೂರ್ಣದೂರಕ್ಕೂ ಬಿಡುದೂರಕ್ಕೂ ನಡುವಣ ಅಂತರ ಕಡಿಮೆಯಿರುವ ಹಿಡಿಕೆ ಲೇಸು. ಕಾಲು ವೃತ್ತ, ಅರ್ಧ ವೃತ್ತಗಳೇ ಹೆಚ್ಚಾಗಿದ್ದರೆ ಅನುಪಾತ 0.4ರ ಆಸುಪಾಸಿನಲ್ಲಿರಲಿ, ಅಥವಾ ತಡೆ ಚೌಕವಾಗಿರಲಿ. ಈಗಾಗಲೇ ಒಂದು ಹಿಡಿಕೆ ಕೈಯಲ್ಲಿದ್ದರೆ ಪೂರ್ತಿ ಹೊಸದಕ್ಕೆ ಹಣ ತೆರುವ ಮೊದಲು ಬಿಲ್ಲೆಯನ್ನೋ ತಡೆಫಲಕವನ್ನೋ ಸ್ಪ್ರಿಂಗನ್ನೋ ಬದಲಿಸಿ ನೋಡಿ. ಒಂದು ಸಲಕ್ಕೆ ಒಂದನ್ನು ಮಾತ್ರ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಯಾವ ಫಲವಾಯಿತೆಂದು ತಿಳಿಯದು. ಪ್ರಯೋಗಶಾಲೆಯ ಈ ನಿಯಮ ಆಟದ ಮೇಜಿಗೂ ಸಲ್ಲುತ್ತದೆ.

2023ರಲ್ಲಿ ಚೀನದ ಹಾಂಗ್‌ಜೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ‘ಸ್ಟ್ರೀಟ್ ಫೈಟರ್ 5’ ಆಟಕ್ಕೆ ಪದಕಗಳಿದ್ದವು. ಚಿನ್ನ ಗೆದ್ದ ದಕ್ಷಿಣ ಕೊರಿಯದ ಕಿಮ್ ಗ್ವಾನ್-ವೂಗೆ ಆಗ 44 ವರ್ಷ. ಕೈಯ ಚುರುಕೊಂದೇ ಗೆಲುವನ್ನು ನಿರ್ಧರಿಸುವುದಾದರೆ ಆ ವಯಸ್ಸಿನವನು ಹದಿಹರೆಯದವರ ಮುಂದೆ ನಿಲ್ಲಬಾರದಿತ್ತು. ತನ್ನ ಕೈ ಏನು ಮಾಡುತ್ತದೆ, ಅದು ಯಂತ್ರಕ್ಕೆ ಯಾವಾಗ ಮುಟ್ಟುತ್ತದೆ ಎಂಬ ಅರಿವು ಚುರುಕಿಗಿಂತ ದೊಡ್ಡದು. ಲಗಾಮಿನ ಸಡಿಲವೆಷ್ಟೆಂದು ಟಾಂಗಾ ಹೊಡೆಯುವವನು ವರ್ಷಗಳ ಅಭ್ಯಾಸದಿಂದ ಕಂಡುಕೊಳ್ಳುತ್ತಾನೆ. ವಿಜ್ಞಾನದ ವಿದ್ಯಾರ್ಥಿಗೆ ಒಂದು ಹೆಚ್ಚಿನ ಸೌಕರ್ಯವಿದೆ: ಅವನು ಅದನ್ನು ಅಳೆದೂ ನೋಡಬಹುದು.